ಪುಕ್ಕಟೆ ಹಂಚುವವನ ಮನೆ ನಡೆಯುವುದು ಹೇಗೆ?

ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ ಎಂದರೆ ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಎರಡೇ ಪ್ರಶ್ನೆ. "ಈಗ ಎಲ್ಲಿದ್ದಾನೆ?" "ಸಂಬಳ ಎಷ್ಟುಂಟು?" ದುಬೈ, ರಿಯಾದ್, ಬೆಂಗಳೂರು ಎಂದರೆ ಮಾತು ಅಲ್ಲಿಗೆ ಮುಗಿಯಿತು. ಆದರೆ ಈಗೀಗ ಕೆಲವು ಹುಡುಗರು "ನಾನು ಓಪನ್ ಸೋರ್ಸ್‌ನಲ್ಲಿ ಕೆಲಸ ಮಾಡುತ್ತೇನೆ" ಎನ್ನುತ್ತಾರೆ. ಹಾಗೆಂದರೆ ಎಂತ ಎಂದು ಕೇಳಿದರೆ, ಬರೆದ ಪ್ರೋಗ್ರಾಮನ್ನು ಅದರ ಒಳಗುಟ್ಟಿನ ಸಮೇತ ಎಲ್ಲರಿಗೂ ಬಿಟ್ಟುಕೊಡುವುದು ಎಂಬ ಉತ್ತರ. ಉಮ್ಮ ಅಡುಗೆ ಕೋಣೆಯಿಂದಲೇ ಕೇಳುತ್ತಾರೆ: "ಪುಕ್ಕಟೆ ಕೊಟ್ಟರೆ ಮತ್ತೆ ನೀನು ತಿನ್ನುವುದೆಂತ ಮೋನೇ?"

ನಾವು ಈ ಪ್ರಶ್ನೆಯನ್ನು ನಗೆಯಾಡಿ ಬಿಡಲು ತಯಾರಿಲ್ಲ. ಕಂಪ್ಯೂಟರ್ ಲೋಕದ ದೊಡ್ಡ ದೊಡ್ಡ ತಜ್ಞರು ಮೂವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ. ಅದಕ್ಕಾಗಿ ಈ ವಾರ ಅಮೆರಿಕದ ಒಬ್ಬ ಮನುಷ್ಯನ ಕತೆ ಹೇಳುತ್ತೇವೆ. ಹೆಸರು ಪ್ಯಾಟ್ರಿಕ್ ವೋಲ್ಕರ್ಡಿಂಗ್. ಅವರು ಮಾಡಿದ ಆಪರೇಟಿಂಗ್ ಸಿಸ್ಟಂನ ಹೆಸರು ಸ್ಲ್ಯಾಕ್‌ವೇರ್.

ಆಪರೇಟಿಂಗ್ ಸಿಸ್ಟಂ ಎಂದರೆ ಮನೆಯ ವಯರಿಂಗ್ ಇದ್ದ ಹಾಗೆ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಗೋಡೆಯೊಳಗೆ ಎಂತ ಉಂಟೆಂದು ಯಾರೂ ನೋಡಲು ಹೋಗುವುದಿಲ್ಲ. ಕರೆಂಟು ಕೈಕೊಟ್ಟ ದಿನ ಮಾತ್ರ ಇಲೆಕ್ಟ್ರಿಷಿಯನ್ ನೆನಪಾಗುತ್ತಾನೆ. ವಿಂಡೋಸ್‌ನ ವಯರಿಂಗ್ ಒಂದು ಕಂಪೆನಿಯ ಬೀಗದೊಳಗಿದೆ. ಲಿನಕ್ಸ್ ಹಾಗಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆಯಲು ಶುರು ಮಾಡಿ ಎಲ್ಲರೆದುರು ಬಿಚ್ಚಿಟ್ಟರು. ಬೇಕಾದವರು ನೋಡಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಹೊಟ್ಟೆಯೊಳಗೆ ಇರುವುದೂ ಇದೇ ಲಿನಕ್ಸ್. ಜಗತ್ತಿನ ಅತಿ ವೇಗದ 500 ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವುದೆಲ್ಲ ಲಿನಕ್ಸ್‌ನಲ್ಲಿ ಓಡುವಂಥವೇ.

ಆದರೆ ಟೊರ್ವಾಲ್ಡ್ಸ್ ಬರೆದದ್ದು ನಡುವಿನ ತಿರುಳು ಮಾತ್ರ. ಅದಕ್ಕೆ ನೂರಾರು ಕಡೆಯಿಂದ ನೂರಾರು ಪ್ರೋಗ್ರಾಮುಗಳು ಬಂದು ಸೇರಬೇಕು. ಅಕ್ಕಿ ಒಂದು ಅಂಗಡಿಯದ್ದು, ಮಾಂಸ ಇನ್ನೊಂದು ಕಡೆಯದ್ದು, ಮಸಾಲೆ ಮನೆಯದ್ದು. ಎಲ್ಲ ಹದವಾಗಿ ಕೂಡಿಸಿ ದಮ್ ಕೊಡುವವರು ಬೇಕಲ್ಲ? ಆ ಕೆಲಸ ಮಾಡಿ ಊಟ ತಯಾರಿಸಿ ಕೊಡುವುದಕ್ಕೆ 'ಡಿಸ್ಟ್ರಿಬ್ಯೂಷನ್' ಎನ್ನುತ್ತಾರೆ.

1993ರಲ್ಲಿ ವೋಲ್ಕರ್ಡಿಂಗ್ ಅಮೆರಿಕದ ಮಿನೆಸೋಟ ರಾಜ್ಯದ ಮೂರ್‌ಹೆಡ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದರು. ಒಂದು ಪ್ರಾಜೆಕ್ಟಿಗೆ ಲಿಸ್ಪ್ ಎಂಬ ಭಾಷೆಯ ಪ್ರೋಗ್ರಾಂ ಬೇಕಾಗಿತ್ತು, ಅದಕ್ಕಾಗಿ ಆಗ ಸಿಗುತ್ತಿದ್ದ ಎಸ್‌ಎಲ್‌ಎಸ್ ಎಂಬ ಲಿನಕ್ಸ್ ಇಳಿಸಿಕೊಂಡರು. ಅದರಲ್ಲಿ ಹುಳುಕುಗಳು ಬೇಕಾದಷ್ಟಿದ್ದವು. ಒಂದೊಂದನ್ನೇ ಸರಿ ಮಾಡಿ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಪಾಠ ಹೇಳುವ ಪ್ರೊಫೆಸರಿಗೆ ಇದು ಗೊತ್ತಾಗಿ, ತನ್ನ ಮನೆಯ ಕಂಪ್ಯೂಟರಿಗೂ ಕಾಲೇಜಿನ ಕಂಪ್ಯೂಟರುಗಳಿಗೂ ಹಾಕಿಕೊಡಲು ಹೇಳಿದರು. ಪ್ರತಿ ಸಲ ಹಾಕುವುದಕ್ಕೆ ಎಷ್ಟು ಹೊತ್ತೋ ರಿಪೇರಿಗೂ ಅಷ್ಟೇ ಹೊತ್ತು. ಈ ರಿಪೇರಿಯನ್ನು ಮೊದಲೇ ಫ್ಲಾಪಿಯೊಳಗೆ ಸೇರಿಸಿಬಿಡಬಾರದಾ ಎಂದು ಪ್ರೊಫೆಸರ್ ಕೇಳಿದ್ದೇ ಸ್ಲ್ಯಾಕ್‌ವೇರ್‌ನ ಹುಟ್ಟು. ಸ್ನೇಹಿತರು ಒತ್ತಾಯಿಸಿದ ಮೇಲೆ ಆ ಜುಲೈಯಲ್ಲಿ ಅದನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟರು. ಒಟ್ಟು 24 ಫ್ಲಾಪಿ. ನಮ್ಮ ಹಳೆಯ ಓದುಗರಿಗೆ ಫ್ಲಾಪಿ ನೆನಪಿರಬಹುದು. 24ರಲ್ಲಿ ಒಂದು ಹಾಳಾದರೂ ಮೊದಲಿನಿಂದ ಶುರು.

ಜನ ಮುಗಿಬಿದ್ದರು. ಕಾಲೇಜಿನ ಕಂಪ್ಯೂಟರಿಗೆ ಹೊರೆ ಜಾಸ್ತಿಯಾದಾಗ ಕ್ಯಾಲಿಫೋರ್ನಿಯದ ವಾಲ್ನಟ್ ಕ್ರೀಕ್ ಸಿಡಿರಾಮ್ ಎಂಬ ಸಂಸ್ಥೆ ಜಾಗ ಕೊಟ್ಟಿತು. ಅದೇ ಸಂಸ್ಥೆ ಸ್ಲ್ಯಾಕ್‌ವೇರ್ ಸಿಡಿ ಮಾಡಿ ಮಾರಿತು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂದು ಕೇಳಬೇಡಿ. ಟೆಲಿಫೋನ್ ವಯರಿನಲ್ಲಿ ಇಂಟರ್ನೆಟ್ ಬರುತ್ತಿದ್ದ ಆ ಕಾಲದಲ್ಲಿ ಅಷ್ಟನ್ನು ಇಳಿಸಲು ರಾತ್ರಿಗಳೇ ಬೇಕಿತ್ತು. ಸಿಡಿ ಕೊಂಡರೆ ಫೋನ್ ಬಿಲ್ಲೂ ಉಳಿಯಿತು, ಬರೆದವನ ಮನೆಗೆ ಒಂದಿಷ್ಟು ಹೋಯಿತು. ಅಂದರೆ ಆಗ ಉಮ್ಮನ ಪ್ರಶ್ನೆಗೆ ಉತ್ತರವಿತ್ತು: ಪ್ರೋಗ್ರಾಂ ಪುಕ್ಕಟೆ, ಸಿಡಿಗೆ ದುಡ್ಡು.

2001ರ ಹೊತ್ತಿಗೆ ಕಂಪೆನಿಗಳು ಕೈ ಬದಲಾದವು. ಹೊಸ ಯಜಮಾನರಿಗೆ ಸ್ಲ್ಯಾಕ್‌ವೇರ್ ಬೇಡವಾಯಿತು, ಅದಕ್ಕಾಗಿ ಸಂಬಳ ಪಡೆಯುತ್ತಿದ್ದವರ ಕೆಲಸ ಹೋಯಿತು. ವೋಲ್ಕರ್ಡಿಂಗ್ ಬಿಡಲಿಲ್ಲ. ಸಿಡಿ ಮಾರುವ ಪ್ರತ್ಯೇಕ ಅಂಗಡಿಯ ಆಸರೆಯಲ್ಲಿ ಮನೆಯಿಂದಲೇ ಮುಂದುವರಿಸಿದರು.

ದಿನದ ಕೆಲಸ ಎಂತದ್ದು ಎಂದು ಸ್ವಲ್ಪ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಇದು ಕುಳಿತು ಟೈಪು ಮಾಡುವ ಸುಖದ ಕೆಲಸದ ಹಾಗೆ ಕಾಣುತ್ತದೆ. ಪೂರ್ತಿ ಸ್ಲ್ಯಾಕ್‌ವೇರ್‌ನೊಳಗೆ ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಪ್ರತಿಯೊಂದನ್ನೂ ಜಗತ್ತಿನ ಯಾವುದೋ ಮೂಲೆಯಲ್ಲಿ ಬೇರೆ ಯಾರೋ ಬರೆಯುತ್ತಿರುತ್ತಾರೆ, ತಿದ್ದುತ್ತಿರುತ್ತಾರೆ. ಒಂದು ಬದಲಾದರೆ ಅದನ್ನು ನೆಚ್ಚಿಕೊಂಡ ಹತ್ತು ಮುರಿಯುತ್ತವೆ. ಹೊಸದನ್ನು ತಂದು, ಕಟ್ಟಿ, ಓಡಿಸಿ ನೋಡಿ, ಏನು ಬದಲಾಯಿತು ಎಂದು ಒಂದು ಕಡತದಲ್ಲಿ ಬರೆದು ಹೊರಗೆ ಬಿಡಬೇಕು. ಭದ್ರತೆಯ ತೂತು ಸಿಕ್ಕಿತು ಎಂದಾದರೆ ಭಾನುವಾರ, ಹಬ್ಬ ಎಂದು ನೋಡುವ ಹಾಗಿಲ್ಲ, ಕಳ್ಳರಿಗಿಂತ ಮೊದಲು ಮುಚ್ಚಬೇಕು. ಹೊರಗಿನಿಂದ ಹಲವರು ಪ್ರೀತಿಯಿಂದ ನೆರವಾಗುತ್ತಾರೆ ನಿಜ. ಆದರೆ ಕೊನೆಯ ಮಾತು, ಕೊನೆಯ ಜವಾಬ್ದಾರಿ ಎರಡೂ ಅವರದ್ದೇ.

ಒಬ್ಬರ ಮೇಲೆ ನಿಂತ ಮನೆಯಲ್ಲಿ ಅವರು ಮಲಗಿದರೆ? 2004ರಲ್ಲಿ ಹಾಗೇ ಆಯಿತು. ವೋಲ್ಕರ್ಡಿಂಗ್‌ಗೆ ಶ್ವಾಸಕೋಶದ ಸೋಂಕಿನಂಥ ಕಾಯಿಲೆ. ಡಾಕ್ಟರುಗಳಿಗೆ ಅದು ಬೇಗ ಗುರುತಾಗಲಿಲ್ಲ. ಕಂಗಾಲಾಗಿ ತನ್ನ ಬಳಕೆದಾರರಿಗೇ ಉದ್ದದ ಪತ್ರ ಬರೆದರು, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಸಹಾಯ ಮಾಡಿ ಎಂದು. ಮುಖ ನೋಡದ ಜನ ಸ್ಪಂದಿಸಿದರು. ಅವರು ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಕುಳಿತರು.

ಎರಡನೆಯ ಪೆಟ್ಟು ದೊಡ್ಡದು. ಇಂಟರ್ನೆಟ್ ವೇಗವಾದ ಹಾಗೆ ಸಿಡಿ ಕೊಳ್ಳುವವರು ಕಡಿಮೆಯಾದರು. 2018ರ ಜುಲೈಯಲ್ಲಿ ವೋಲ್ಕರ್ಡಿಂಗ್ ಮೊದಲ ಸಲ ಬಾಯಿ ಬಿಟ್ಟರು. ಅಂಗಡಿಯಿಂದ ತನಗೆ ಬರಬೇಕಾದ ದುಡ್ಡು ಬರುತ್ತಿಲ್ಲ, ಮನೆಯ ಖರ್ಚಿಗೇ ಕಷ್ಟವಾಗಿದೆ ಎಂದರು. ಇಷ್ಟು ವರ್ಷ ಸಿಡಿ ಕೊಂಡು, ಚಂದಾ ಕಟ್ಟಿ, ನಾವು ಇವರನ್ನು ಸಾಕುತ್ತಿದ್ದೇವೆ ಎಂದು ನಂಬಿದ್ದ ಬಳಕೆದಾರರಿಗೆ ಎದೆ ಧಸಕ್ಕೆಂದಿತು. ಅಂಗಡಿಯವರ ಲೆಕ್ಕ ಎಂತದ್ದೋ, ಅದರ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಬಾಯಿಮಾತಿನ ಮೇಲೆ ಪಾಲುದಾರಿಕೆ ಅಂಗಡಿ ಇಟ್ಟು ಗೊತ್ತಿರುವ ನಮ್ಮವರಿಗೆ ಈ ಕತೆ ಹೊಸತೇನಲ್ಲ. ಸರಕು ಒಬ್ಬರದ್ದು, ಗಲ್ಲಾಪೆಟ್ಟಿಗೆ ಇನ್ನೊಬ್ಬರ ಕೈಯಲ್ಲಿ. ಕೋಡ್‌ನ ಒಂದೊಂದು ಸಾಲಿನ ಬದಲಾವಣೆಯನ್ನೂ ಬರೆದಿಡುವ ಮನುಷ್ಯ ತನ್ನ ದುಡ್ಡಿನ ಲೆಕ್ಕ ಮಾತ್ರ ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು.

ಸುದ್ದಿ ಹರಡಿದ ಮೇಲೆ ಜನ ನೇರವಾಗಿ ಅವರಿಗೇ ಹಣ ಕಳಿಸಲು ದಾರಿ ಕೇಳಿದರು, ದಾರಿ ತೆರೆಯಿತು. ಮರುವರ್ಷ ಪೇಟ್ರಿಯಾನ್ ಎಂಬ ವ್ಯವಸ್ಥೆಯ ಮೂಲಕ ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುವವರು ಸೇರಿಕೊಂಡರು. 2016ರ 14.2 ಆವೃತ್ತಿಯ ನಂತರ ಸ್ಲ್ಯಾಕ್‌ವೇರ್ ಸತ್ತೇಹೋಯಿತು ಎಂದು ಹೇಳಿದವರಿದ್ದರು. 2022ರ ಫೆಬ್ರವರಿಯಲ್ಲಿ 15.0 ಬಂತು. ಇಂದು ಬದುಕಿರುವ ಡಿಸ್ಟ್ರಿಬ್ಯೂಷನ್‌ಗಳಲ್ಲಿ ಅದೇ ಹಿರಿಯ.

ಅದರ ಒಂದೇ ತಿಂಗಳ ಕಿರಿಯ ತಮ್ಮ ಡೆಬಿಯನ್. ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ 1993ರ ಆಗಸ್ಟ್ 16ರಂದು ಅದನ್ನು ಘೋಷಿಸಿದರು. ಅವರಿಗೂ ಸಿಟ್ಟು ಬಂದದ್ದು ಅದೇ ಎಸ್‌ಎಲ್‌ಎಸ್ ಮೇಲೆ. ಆಗ ಗೆಳತಿಯಾಗಿದ್ದ ಡೆಬ್ರಾಳ ಹೆಸರಿನ ಮೊದಲರ್ಧಕ್ಕೆ ತನ್ನ ಹೆಸರು ಸೇರಿಸಿ ಡೆಬಿಯನ್ ಎಂದಿಟ್ಟರು. ಆದರೆ ಅವರು ಹಿಡಿದದ್ದು ಬೇರೆಯೇ ದಾರಿ. ಕೆಲಸವನ್ನು ಒಬ್ಬನ ತಲೆಗೆ ಕಟ್ಟದೆ ಊರಿಗೆ ಹಂಚಿದರು. 1997ರಲ್ಲಿ ಬರಹದ ಕರಾರೂ ಬಂತು, ಮುಖ್ಯಸ್ಥರನ್ನು ಸದಸ್ಯರು ಮತ ಹಾಕಿ ಆರಿಸುತ್ತಾರೆ. ಮರ್ಡಾಕ್ 1996ರಲ್ಲೇ ಮುಖ್ಯಸ್ಥನ ಜಾಗ ಬಿಟ್ಟರು, 2015ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಡೆಬಿಯನ್ ನಿಲ್ಲಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅದರ ವಾರ್ಷಿಕ ಸಮ್ಮೇಳನ ನಡೆದದ್ದು ನಮ್ಮ ಪಕ್ಕದ ಕೊಚ್ಚಿಯಲ್ಲಿ.

ಯಾವುದು ಒಳ್ಳೆಯದು? ಒಬ್ಬರ ಕೈರುಚಿಗೆ ಬೆಲೆ ಇದೆ, ಸ್ಲ್ಯಾಕ್‌ವೇರ್ ಮೆಚ್ಚುವವರು ಅದಕ್ಕೇ ಮೆಚ್ಚುವುದು. ಆದರೆ ಒಬ್ಬರೇ ಹೊರುವ ಹೊರೆಯ ಅಪಾಯವನ್ನು ಜಗತ್ತು 2024ರ ಮಾರ್ಚಿನಲ್ಲಿ ಕಣ್ಣಾರೆ ಕಂಡಿತು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜಡ್ ಎಂಬ ಸಣ್ಣ ಪ್ರೋಗ್ರಾಂ ಇದೆ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಂಡಿದ್ದವರು ಒಬ್ಬರೇ. ಮನಸ್ಸು ದಣಿದಿತ್ತು. ಬೇಗ ಮಾಡಿ ಎಂದು ಕೆಲವರು ಬೈಯುತ್ತಲೂ ಇದ್ದರು. ಆಗ 'ನಾನು ಸಹಾಯ ಮಾಡುತ್ತೇನೆ' ಎಂದು ಅಪರಿಚಿತನೊಬ್ಬ ಬಂದ. ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯವನಾಗಿದ್ದು ನಂಬಿಕೆ ಗಳಿಸಿ, ಕೊನೆಗೆ ಒಳಗೊಂದು ಕಳ್ಳಬಾಗಿಲು ಇಟ್ಟ. ಡೆಬಿಯನ್‌ನ ಪ್ರಯೋಗದ ಆವೃತ್ತಿಗೂ ಅದು ನುಗ್ಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರಿಗೆ ತನ್ನ ಕಂಪ್ಯೂಟರಿಗೆ ಲಾಗಿನ್ ಆಗಲು ಮಾಮೂಲಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಸಂಶಯ ಬಂದು ಅಗೆದು ನೋಡದಿದ್ದರೆ ಅದು ಲೋಕದ ಸರ್ವರುಗಳಿಗೆಲ್ಲ ಹರಡುತ್ತಿತ್ತು.

ಎಲ್ಲರ ಗತಿ ಇದೇ ಎಂದು ಹೆದರಿಸುತ್ತಿಲ್ಲ. ಲಿನಕ್ಸ್‌ನ ತಿರುಳಿಗೆ ಕೋಡ್ ಬರೆಯುವ ಬಹುಪಾಲು ಜನ ಇಂದು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪೆನಿಗಳ ಸಂಬಳದವರು. ಕಂಪೆನಿಗೆ ತನ್ನ ಯಂತ್ರ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡಬೇಕು, ಅದಕ್ಕೆ ಆಳು ಇಡುತ್ತದೆ. ಹುಡುಗರು ಪುಕ್ಕಟೆಯಾಗಿ ಬರೆದ ಕೋಡ್ ಎಲ್ಲರ ಕಣ್ಣೆದುರು ಇರುವುದರಿಂದ, ಸರ್ಟಿಫಿಕೇಟಿಗಿಂತ ಅದನ್ನೇ ನೋಡಿ ಕೆಲಸಕ್ಕೆ ಕರೆಯುವುದೂ ಉಂಟು. ಹಾಗಾಗಿ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈ ದಾರಿ ಹಿಡಿದರೆ "ಸಂಬಳ ಎಷ್ಟು" ಎಂದು ಕೇಳುವ ಮೊದಲು ನಾವಾದರೆ ಕೇಳುವುದು ಇದನ್ನು: ಈ ಕೆಲಸಕ್ಕೆ ದುಡ್ಡು ಯಾರ ಕೈಯಿಂದ ಬರುತ್ತದೆ, ಅದಕ್ಕೆ ಬರಹದಲ್ಲಿ ಏನಿದೆ, ನೀನು ಎರಡು ತಿಂಗಳು ಮಲಗಿದರೆ ನೋಡಿಕೊಳ್ಳಲು ಇನ್ನೊಬ್ಬರಿದ್ದಾರಾ?

ಇನ್ನೊಂದು ಮಾತು. ಕಾಸರಗೋಡು ಕಡೆ ಸಂಬಂಧ ಇರುವವರು ಅಲ್ಲಿನ ಮಕ್ಕಳನ್ನು ವಿಚಾರಿಸಿ ನೋಡಿ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ವರ್ಷಗಳಿಂದ ಇರುವುದು ಲಿನಕ್ಸ್. ಈಗಿನದ್ದು ಉಬುಂಟು ಮೇಲೆ ಕಟ್ಟಿದ್ದು, ಉಬುಂಟು ಡೆಬಿಯನ್ ಮೇಲೆ ಕಟ್ಟಿದ್ದು. ಮನೆಯ ಕಪಾಟಿನಲ್ಲಿ ವಿಂಡೋಸ್ ಎಳೆಯಲಾಗದೆ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಪೆನ್‌ಡ್ರೈವ್‌ನಲ್ಲಿ ಡೆಬಿಯನ್ ಹಾಕಿ ಓಡಿಸಿ ನೋಡಿ. ಅಳವಡಿಸುವಾಗ ಮೊದಲು ಬರುವುದು ಭಾಷೆಗಳ ಪಟ್ಟಿ. ಕೆಳಗೆ ಹೋದರೆ ಅದರಲ್ಲಿ ಕನ್ನಡವೂ ಇದೆ. ಅದನ್ನೂ ಯಾರೋ ಪುಕ್ಕಟೆಯಾಗಿಯೇ ಕೂತು ಬರೆದದ್ದು.