ಹಿತ್ತಲ ಕೋಳಿಗಳಿಗೆ ಶುದ್ಧ ನೀರು: ಕಡಿಮೆ ಶ್ರಮದ ಕೆಲವು ವಿಧಾನಗಳು

ಕೋಳಿ ಸಾಕುವ ಮನೆಗಳಲ್ಲಿ ಕಾಳುಕಡಿ, ಗೂಡು, ಲಸಿಕೆ ಇವುಗಳ ಬಗ್ಗೆ ಸಾಕಷ್ಟು ಆಸ್ಥೆ ಕಂಡುಬರುತ್ತದೆ. ನೀರಿನ ವಿಚಾರಕ್ಕೆ ಬಂದಾಗ ಮಾತ್ರ ಒಡೆದ ಮಡಕೆಯ ತಳವೋ, ಹಳೆಯ ಟೈರಿನ ತುಂಡೋ, ಬಚ್ಚಲಿನ ಹಿಂದಿನ ಗುಂಡಿಯೋ ಸಾಕೆಂಬ ಭಾವನೆ ಇನ್ನೂ ಇದೆ. ಕೋಳಿಗಳು ಅಲ್ಲಿಯ ನೀರನ್ನು ಕುಡಿಯುತ್ತವೆ ನಿಜ. ಆದರೆ ಒಂದು ಕೋಳಿಯ ರೋಗ ಇಡೀ ಹಿಂಡಿನ ರೋಗವಾಗುವುದು ಬಹುಪಾಲು ಈ ಒಂದೇ ಬಟ್ಟಲಿನ ಮೂಲಕ ಎಂಬುದನ್ನು ನಾವು ಮರೆಯುತ್ತೇವೆ.

ಹತ್ತು ಹನ್ನೆರಡು ಕೋಳಿಗಳೆಂದರೆ ಸಣ್ಣ ಸಂಸಾರಕ್ಕೆ ಸಣ್ಣ ಸ್ವತ್ತಲ್ಲ. ಮಕ್ಕಳ ಪುಸ್ತಕ, ಔಷಧಿಯ ಖರ್ಚು, ಅನಿರೀಕ್ಷಿತವಾಗಿ ಬಂದ ನೆಂಟರ ಊಟ, ಇವೆಲ್ಲವೂ ಅದರಿಂದ ಸಾಗುತ್ತವೆ. ಹಿಂಡನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ಅವರಿಗೆ ದಿನಕ್ಕೆ ನಾಲ್ಕು ಸಲ ಬಟ್ಟಲು ತೊಳೆಯಿರಿ ಎಂದು ಹೇಳಿ ಪ್ರಯೋಜನವಿಲ್ಲ. ಆದ್ದರಿಂದ ಕೆಟ್ಟ ನೀರನ್ನು ಮತ್ತೆ ಮತ್ತೆ ಬದಲಿಸುವುದಕ್ಕಿಂತ, ನೀರು ಕೆಡದಂತೆ ಮೊದಲೇ ಏರ್ಪಾಡು ಮಾಡುವುದು ಜಾಣತನ. ಅಂಥ ಕೆಲವು ಏರ್ಪಾಡುಗಳನ್ನು ಇಲ್ಲಿ ತಿಳಿಸಲಾಗಿದೆ.

ಎಷ್ಟು ನೀರು ಬೇಕು?

ಕೋಳಿ ತಾನು ತಿನ್ನುವ ಆಹಾರದ ತೂಕದ ಸುಮಾರು ಎರಡರಷ್ಟು ನೀರನ್ನು ಕುಡಿಯುತ್ತದೆ. ಹದವಾದ ಹವೆಯಲ್ಲಿ ಬೆಳೆದ ಒಂದು ಹೇಂಟೆಗೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಬೇಕು. ಕಡು ಬೇಸಿಗೆಯಲ್ಲಿ ಇದು ಇಮ್ಮಡಿಯಾಗುತ್ತದೆ. ಎಂದರೆ ಹತ್ತು ಕೋಳಿಗಳಿಗೆ ಚಳಿಗಾಲದಲ್ಲಿ ಎರಡೂವರೆ ಲೀಟರ್, ಬೇಸಿಗೆಯಲ್ಲಿ ಐದು ಲೀಟರ್ ಎಂದು ಲೆಕ್ಕ ಹಿಡಿಯಿರಿ. ಗಿರಿರಾಜ, ಸ್ವರ್ಣಧಾರಾಗಳಂಥ ದೊಡ್ಡ ಮೈಕಟ್ಟಿನ ತಳಿಗಳಿಗೆ ನಾಟಿ ಕೋಳಿಗಿಂತ ಹೆಚ್ಚು ಬೇಕಾಗುತ್ತದೆ.

ಮೊಟ್ಟೆಯ ತೂಕದ ಮೂರರಲ್ಲಿ ಎರಡು ಪಾಲು ಬರೀ ನೀರು. ಹೀಗಿರುವಾಗ ನೀರಿಲ್ಲದೆ ಮೊಟ್ಟೆ ಎಲ್ಲಿಂದ ಬರಬೇಕು? ಇಡುವ ಕೋಳಿಗೆ ಒಂದು ಇಡೀ ದಿನ ನೀರು ತಪ್ಪಿದರೆ ಇಳುವರಿ ಕುಸಿಯುತ್ತದೆ, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಬಹಳ ದಿನ ಹಿಡಿಯುತ್ತದೆ. ಬಟ್ಟಲಲ್ಲಿ ನೀರು ಇದ್ದೂ ಅದು ಬಿಸಿಯಾಗಿದ್ದರೆ ಅಥವಾ ಹೊಲಸಾಗಿದ್ದರೆ ಕೋಳಿ ಸಾಕಷ್ಟು ಕುಡಿಯುವುದಿಲ್ಲ. ಫಲ ಒಂದೇ.

ನೀರು ಕೆಡುವುದು ಹೇಗೆ?

ಕೋಳಿ ಕಾಲಿನಿಂದ ನೆಲ ಕೆದರುವ ಪ್ರಾಣಿ. ನೆಲಮಟ್ಟದ ಬಟ್ಟಲಿಗೆ ಮಣ್ಣು, ಕಸ, ಹಿಕ್ಕೆ ಬೀಳದೆ ಇರುವುದಿಲ್ಲ. ಅಂಚಿನ ಮೇಲೆ ಹತ್ತಿ ಕೂರುವ ಕೋಳಿ ನೀರಿಗೇ ಹಿಕ್ಕೆ ಹಾಕುತ್ತದೆ. ಕೊಕ್ಕಿಗೆ ಅಂಟಿದ ಹಿಟ್ಟು ನೀರಿನಲ್ಲಿ ಕರಗಿ ಹುಳಿಯುತ್ತದೆ. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಕಾಗೆ, ಗೊರವಂಕಗಳೂ ಅದೇ ನೀರಿಗೆ ಬಂದು ಹೊರಗಿನ ರೋಗವನ್ನು ತರಬಲ್ಲವು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಕಾಡುಹಕ್ಕಿಗಳು, ವಿಶೇಷವಾಗಿ ನೀರುಹಕ್ಕಿಗಳು, ಈ ರೋಗವನ್ನು ಹೊತ್ತು ತಿರುಗಬಲ್ಲವು.

ಕೊಕ್ಕರೆ ರೋಗ, ಕೋಳಿ ಕಾಲರಾ, ನೆಗಡಿ ರೋಗ, ಹಲವು ಬಗೆಯ ಭೇದಿ ಇವೆಲ್ಲಕ್ಕೂ ನೀರು ಒಂದು ದಾರಿ. ಮರಿಗಳನ್ನು ಕಾಡುವ ರಕ್ತಭೇದಿಯ ವಿಚಾರವನ್ನು ಮಾತ್ರ ಬೇರೆಯಾಗಿ ಹೇಳಬೇಕು. ಈ ರೋಗದ ಸೂಕ್ಷ್ಮಾಣುಗಳು ಹಿಕ್ಕೆಯಲ್ಲಿ ಮೊಟ್ಟೆಯಂಥ ಗಟ್ಟಿ ಕವಚದೊಳಗೆ ಹೊರಬರುತ್ತವೆ. ತೇವ ಮತ್ತು ಬೆಚ್ಚಗಿನ ಹವೆ ಸಿಕ್ಕರೆ ಒಂದೆರಡು ದಿನಗಳಲ್ಲಿ ರೋಗ ತರುವ ಹಂತಕ್ಕೆ ಬಲಿಯುತ್ತವೆ. ನೀರಿಗೆ ಹಾಕುವ ಕ್ಲೋರಿನ್ ಇವುಗಳನ್ನು ಕೊಲ್ಲುವುದಿಲ್ಲ. ಆದ್ದರಿಂದ ಔಷಧಿ ಹಾಕಿದೆವು, ಇನ್ನು ಚಿಂತೆಯಿಲ್ಲ ಎಂದು ಸುಮ್ಮನಿರುವಂತಿಲ್ಲ. ಹಿಕ್ಕೆ ನೀರಿಗೆ ಬೀಳದಂತೆ ನೋಡುವುದು, ಬಟ್ಟಲಿನ ಸುತ್ತಣ ನೆಲವನ್ನು ಒಣಗಿಸಿಡುವುದು, ಇವೇ ನಿಜವಾದ ರಕ್ಷಣೆ.

ಮೊದಲು ಜಾಗ ಸರಿಪಡಿಸಿ

ಇದಕ್ಕೆ ಖರ್ಚಿಲ್ಲ, ಒಂದು ಸಲ ಮಾಡಿದರೆ ಸಾಕು. ನೀರಿನ ಪಾತ್ರೆಯನ್ನು ದಿನವಿಡೀ ನೆರಳಿರುವ ಕಡೆ ಇಡಿ. ಕೋಳಿಗಳು ರಾತ್ರಿ ಕೂರುವ ಗಳುವಿನ ಕೆಳಗೆ, ಹಕ್ಕಿಗಳು ಕೂರುವ ಕೊಂಬೆಯ ಕೆಳಗೆ ಇಡಬಾರದು. ಮೇವಿನ ತೊಟ್ಟಿಗೆ ತೀರ ಅಂಟಿಸದೆ ನಾಲ್ಕೈದು ಹೆಜ್ಜೆ ದೂರವಿರಲಿ.

ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟಿಗೆಗಳ ಮೇಲೆ ಎತ್ತರಿಸಿ. ಈ ಎತ್ತರದಲ್ಲಿ ಕೋಳಿ ಆರಾಮವಾಗಿ ಕುಡಿಯುತ್ತದೆ, ಕೆದರಿದ ಕಸ ಒಳಗೆ ಬೀಳುವುದು ಬಹಳ ಕಡಿಮೆಯಾಗುತ್ತದೆ. ಇನ್ನೂ ಒಳ್ಳೆಯ ಕ್ರಮವೆಂದರೆ ಅರ್ಧ ಅಡಿ ಆಳದ ಗುಂಡಿ ತೋಡಿ, ಜಲ್ಲಿ ತುಂಬಿ, ಅದರ ಮೇಲೆ ಬಿದಿರಿನ ತಟ್ಟಿ ಅಥವಾ ತಂತಿ ಜಾಲರಿಯ ಚೌಕಟ್ಟಿಟ್ಟು ಅದರ ಮೇಲೆ ನೀರಿಡುವುದು. ಚೆಲ್ಲಿದ ನೀರು ಜಲ್ಲಿಯಲ್ಲಿ ಇಂಗುತ್ತದೆ. ಕೋಳಿಗಳು ಕೆಸರಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಹತ್ತಕ್ಕಿಂತ ಹೆಚ್ಚು ಕೋಳಿಗಳಿದ್ದರೆ ಎರಡು ಕಡೆ ನೀರಿಡಿ. ಜೋರಿನ ಕೋಳಿ ಒಂದು ಪಾತ್ರೆಯನ್ನು ಕಾಯುತ್ತ ನಿಂತರೆ ಬಡಕಲು ಕೋಳಿ ಇನ್ನೊಂದಕ್ಕೆ ಹೋಗಬಹುದು.

ಮಡಕೆಯ ನೀರುಣಿ

ತೆರೆದ ಬಟ್ಟಲಿಗಿಂತ ತಾನೇ ತುಂಬಿಕೊಳ್ಳುವ ನೀರುಣಿ ಎಷ್ಟೋ ಮೇಲು. ಕುಂಬಾರರಿಂದ ನಾಲ್ಕೈದು ಲೀಟರಿನ ಒಂದು ಮಡಕೆಯನ್ನೂ ಅದರ ಬಾಯಿಗಿಂತ ನಾಲ್ಕು ಬೆರಳು ಅಗಲವಾದ, 4 ಸೆಂಟಿಮೀಟರ್ ಆಳದ ತಟ್ಟೆಯನ್ನೂ ತನ್ನಿ. ಮಡಕೆಯ ಬಾಯಂಚಿನಿಂದ 2 ಸೆಂಟಿಮೀಟರ್ ಒಳಕ್ಕೆ ಕಿರುಬೆರಳ ಗಾತ್ರದ ಒಂದು ತೂತು ಮಾಡಿ. ಸುಡುವ ಮುಂಚೆಯೇ ತೂತು ಮಾಡಿಸಿದರೆ ಮಡಕೆ ಸೀಳುವ ಭಯವಿಲ್ಲ. ಮಡಕೆಗೆ ನೀರು ತುಂಬಿ, ತಟ್ಟೆಯನ್ನು ಬಾಯಿಗೆ ಮುಚ್ಚಿ ಹಿಡಿದು, ಎರಡನ್ನೂ ಒಟ್ಟಿಗೆ ಬೋರಲು ಹಾಕಿ.

ನೀರು ತೂತಿನಿಂದ ಇಳಿದು ತಟ್ಟೆಯಲ್ಲಿ ತೂತಿನ ಮಟ್ಟಕ್ಕೆ ಬಂದೊಡನೆ ತಾನಾಗಿ ನಿಲ್ಲುತ್ತದೆ. ತೂತು ಮುಚ್ಚಿದಾಗ ಗಾಳಿ ಒಳಗೆ ಹೋಗದಿರುವುದೇ ಇದಕ್ಕೆ ಕಾರಣ. ಕೋಳಿ ಕುಡಿದಂತೆ ಮಟ್ಟ ಇಳಿದು, ಗಾಳಿ ಒಳಹೊಕ್ಕು, ಅಷ್ಟೇ ನೀರು ಕೆಳಗಿಳಿಯುತ್ತದೆ. ತೂತಿನ ಮಟ್ಟ ತಟ್ಟೆಯ ಅಂಚಿಗಿಂತ ಕೆಳಗಿರಲೇಬೇಕು. ಇಲ್ಲವಾದರೆ ನೀರೆಲ್ಲ ಚೆಲ್ಲಿಹೋಗುತ್ತದೆ. ಮಡಕೆಯ ಮೈಯಿಂದ ನೀರು ಆವಿಯಾಗುವುದರಿಂದ ಒಳಗಿನ ನೀರು ಬೇಸಿಗೆಯಲ್ಲೂ ತಂಪಾಗಿರುತ್ತದೆ. ಇದು ಮಣ್ಣಿನ ಪಾತ್ರೆಯ ವಿಶೇಷ ಲಾಭ.

ಡಬ್ಬಿಯ ನೀರುಣಿ

ಬೋರಲು ಹಾಕುವುದು ಕಷ್ಟವೆನಿಸಿದರೆ ಅಡುಗೆ ಎಣ್ಣೆಯ 5 ಲೀಟರಿನ ಡಬ್ಬಿ ಸಾಕು. ಸೋಪಿನ ನೀರಿನಲ್ಲಿ ಜಿಡ್ಡು ಹೋಗುವಂತೆ ತೊಳೆಯಿರಿ. ಡಬ್ಬಿಯ ತಳದಿಂದ 2 ಸೆಂಟಿಮೀಟರ್ ಮೇಲೆ ಒಂದು ತೂತು ಮಾಡಿ, 4 ಸೆಂಟಿಮೀಟರ್ ಆಳದ ಬೋಗುಣಿಯಲ್ಲಿ ನಿಲ್ಲಿಸಿ. ಬೆರಳಿನಿಂದ ತೂತು ಮುಚ್ಚಿಕೊಂಡು ನೀರು ತುಂಬಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬೆರಳು ತೆಗೆಯಿರಿ. ಮುಚ್ಚಳ ಸಡಿಲವಾದರೆ ನೀರು ನಿಲ್ಲುವುದಿಲ್ಲ. ಬಿಸಿಲಿನಲ್ಲಿಟ್ಟರೆ ಒಳಗಿನ ಗಾಳಿ ಕಾದು ಹಿಗ್ಗಿ ನೀರನ್ನು ಹೊರದಬ್ಬುತ್ತದೆ. ಬೆಳಕು ಹಾಯುವ ಡಬ್ಬಿಯಾದರೆ ಹಳೆಯ ಗೋಣಿ ಸುತ್ತಿ, ಪಾಚಿ ಬೆಳೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ತಪ್ಪದೆ ಪಾಲಿಸಬೇಕು. ಕೀಟನಾಶಕ, ಕಳೆನಾಶಕ ತುಂಬಿದ್ದ ಡಬ್ಬಿಗಳನ್ನು ಎಷ್ಟೇ ಸಲ ತೊಳೆದರೂ ಕೋಳಿಯ ನೀರಿಗೆ ಬಳಸಲೇಬಾರದು.

ನಿಪ್ಪಲ್ ಬಕೆಟ್

ದೊಡ್ಡ ಕೋಳಿ ಫಾರಂಗಳಲ್ಲಿ ಬಳಕೆಯಲ್ಲಿರುವ ನಿಪ್ಪಲನ್ನು ಹಿತ್ತಲಿಗೂ ತರಬಹುದು. ಶ್ರಮ ಉಳಿಸುವುದರಲ್ಲಿ ಇದಕ್ಕೆ ಸಮನಾದುದಿಲ್ಲ. ಕೋಳಿ ಸಾಮಾನುಗಳ ಅಂಗಡಿಯಲ್ಲಿ ಬಿಡಿ ನಿಪ್ಪಲ್‌ಗಳು ದೊರೆಯುತ್ತವೆ. ಮುಚ್ಚಳವಿರುವ ಬಣ್ಣದ ಬಕೆಟ್ಟಿನ ತಳದಲ್ಲಿ ನಿಪ್ಪಲಿನ ತಿರುಪಿಗೆ ಹೊಂದುವ ತೂತು ಕೊರೆದು, ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ ಬಿಗಿಯಿರಿ. ಎಂಟು ಹತ್ತು ಕೋಳಿಗೆ ಒಂದು ನಿಪ್ಪಲ್ ಸಾಕಾದರೂ ಎರಡಕ್ಕೆ ಕಡಿಮೆ ಹಾಕಬೇಡಿ. ಒಂದು ಕಟ್ಟಿಕೊಂಡರೆ ಇನ್ನೊಂದು ಕೈಹಿಡಿಯುತ್ತದೆ. ಬಕೆಟ್ಟನ್ನು ನೆರಳಿನಲ್ಲಿ ತೂಗುಹಾಕಿ. ಕೋಳಿ ಕತ್ತು ಚಾಚಿ ಮೇಲೆ ನೋಡಿ ಕುಡಿಯುವ ಎತ್ತರ ಸರಿಯಾದ ಎತ್ತರ.

ಮಡಕೆ, ಡಬ್ಬಿಗಳಿಗೆ ಗಾಳಿ ಸೇರಬಾರದು, ಇದಕ್ಕೆ ಸೇರಲೇಬೇಕು. ಬಕೆಟ್ಟಿನ ಮುಚ್ಚಳದಲ್ಲಿ ಒಂದು ಮೊಳೆಯಷ್ಟು ತೂತಿಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ನೀರು ಬರುವುದು ನಿಲ್ಲುತ್ತದೆ. ತುಂಬುವಾಗ ಬಟ್ಟೆಯಲ್ಲಿ ಸೋಸಿ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ನಿಪ್ಪಲ್ ಸೋರುತ್ತದೆ.

ಹೊಸ ನೀರುಣಿ ಕೋಳಿಗೆ ತಾನಾಗಿ ತಿಳಿಯದು. ಒಂದೆರಡು ದಿನ ಬೆಳಿಗ್ಗೆ ಗೂಡು ತೆರೆದಾಗ ಹಳೆಯ ಬಟ್ಟಲನ್ನು ಮರೆಮಾಡಿ, ನಿಪ್ಪಲಿನ ಕಡ್ಡಿಯನ್ನು ಬೆರಳಿನಿಂದ ತಟ್ಟಿ ಹನಿ ಬೀಳಿಸಿ. ಹೊಳೆಯುವ ಹನಿಯನ್ನು ಒಂದು ಕೋಳಿ ಕುಟುಕಿದರೆ ಉಳಿದವು ನೋಡಿ ಕಲಿಯುತ್ತವೆ. ಎಲ್ಲವೂ ಕಲಿತದ್ದು ಖಾತ್ರಿಯಾಗುವವರೆಗೆ ಮಧ್ಯಾಹ್ನದ ಹೊತ್ತು ಬಟ್ಟಲನ್ನು ಇಡುತ್ತಿರಿ. ಬೇಸಿಗೆಯ ನಡುವೆ ಈ ಬದಲಾವಣೆ ಮಾಡಬೇಡಿ.

ತೊಳೆಯುವ ಕ್ರಮ

ಯಾವ ನೀರುಣಿಯಾದರೂ ತೊಳೆಯದೆ ನಡೆಯದು. ಶ್ರಮ ಕಡಿಮೆಯಾಗುತ್ತದೆ ಅಷ್ಟೆ. ಪಾತ್ರೆಯ ಒಳಮೈಯನ್ನು ಬೆರಳಿನಿಂದ ಉಜ್ಜಿ ನೋಡಿ. ಜಾರಿದರೆ ಲೋಳೆ ಕಟ್ಟಿದೆ ಎಂದು ತಿಳಿಯಿರಿ. ರೋಗಾಣುಗಳು ಈ ಲೋಳೆಯೊಳಗೆ ಅಡಗಿರುತ್ತವೆ, ಅಲ್ಲಿಗೆ ಔಷಧಿಯೂ ಸರಿಯಾಗಿ ತಲಪದು. ತೆಂಗಿನ ನಾರಿನಿಂದ ಉಜ್ಜಿಯೇ ಅದನ್ನು ತೆಗೆಯಬೇಕು.

ಎರಡು ಜೊತೆ ಪಾತ್ರೆ ಇಟ್ಟುಕೊಳ್ಳುವುದು ಸುಲಭೋಪಾಯ. ಒಂದು ಬಳಕೆಯಲ್ಲಿದ್ದಾಗ ಉಜ್ಜಿ ತೊಳೆದ ಇನ್ನೊಂದು ಬಿಸಿಲಿನಲ್ಲಿ ಒಣಗುತ್ತಿರಲಿ. ಚೆನ್ನಾಗಿ ಒಣಗುವುದು ರೋಗಾಣುಗಳಿಗೆ ಮಾರಕ. ಕ್ರಮ ಹೀಗಿರಲಿ:

ಪ್ರತಿದಿನ: ತಟ್ಟೆ ಅಥವಾ ಬೋಗುಣಿಯ ನೀರನ್ನು ಗಿಡಕ್ಕೆ ಚೆಲ್ಲಿ, ಒಮ್ಮೆ ಉಜ್ಜಿ, ಹೊಸ ನೀರು ಬಿಡುವುದು. ನಿಪ್ಪಲುಗಳನ್ನು ತಟ್ಟಿ ಹನಿ ಬರುತ್ತದೆಯೇ ಎಂದು ನೋಡುವುದು.

ಎರಡು ಮೂರು ದಿನಕ್ಕೊಮ್ಮೆ: ನಿಪ್ಪಲ್ ಬಕೆಟ್ಟಿನ ನೀರನ್ನು ಪೂರ್ತಿ ಬದಲಿಸುವುದು.

ವಾರಕ್ಕೊಮ್ಮೆ: ಎಲ್ಲ ಪಾತ್ರೆಗಳನ್ನು ಉಜ್ಜಿ ತೊಳೆದು ಬಿಸಿಲಿಗಿಡುವುದು. ಇದರಿಂದ ಸೊಳ್ಳೆಯ ಮರಿಗಳೂ ನಾಶವಾಗುತ್ತವೆ.

ತಿಂಗಳಿಗೊಮ್ಮೆ: ಉಜ್ಜಿ ತೊಳೆದ ಪಾತ್ರೆಗಳನ್ನು 10 ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲು ಗಂಟೆ ಅದ್ದಿಟ್ಟು, ಒಳ್ಳೆಯ ನೀರಿನಿಂದ ತೊಳೆಯುವುದು.

ಬಾವಿಯ ನೀರು ಶುದ್ಧವಿದೆಯೇ?

ಮೂಲದ ನೀರೇ ಕೆಟ್ಟಿದ್ದರೆ ನೀರುಣಿ ಏನು ಮಾಡೀತು? ಮುಂಗಾರಿನ ಮೊದಲ ಮಳೆಗಳ ನಂತರ ತೆರೆದ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ಮನೆಮಂದಿಗೂ ಕೋಳಿಗಳಿಗೂ ಒಳ್ಳೆಯದು. ದುಂಡು ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದುದನ್ನು 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ತಿಳಿಯುತ್ತದೆ. 3 ಮೀಟರ್ ಅಡ್ಡಳತೆಯ ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್ ಆಯಿತು. 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯಂತೆ 35 ಗ್ರಾಂ ಬೇಕು. ನೀರು ಕದಡಿದ್ದರೆ ಇದು ಸಾಲದು. ಆರೋಗ್ಯ ಕಾರ್ಯಕರ್ತರನ್ನು ಕೇಳಿ.

ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಮತ್ತಷ್ಟು ನೀರು ಬೆರೆಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಸಂಜೆ ಬಾವಿಗೆ ಹಾಕಿ ಕೊಡದಿಂದ ಕದಡಿ. ಬೆಳಿಗ್ಗೆಯಿಂದ ನೀರು ಬಳಸಬಹುದು. ತೆರೆದಿಟ್ಟ ಹಳೆಯ ಪುಡಿಗೆ ಶಕ್ತಿ ಇರುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಕುಡಿಯುವ ನೀರಿನಲ್ಲಿ ಲಸೋಟಾ ಲಸಿಕೆ ಕೊಡುವಾಗ ಈ ನೀರು ಕೂಡದು. ಲಸಿಕೆಯಲ್ಲಿರುವುದು ಜೀವಂತ ವೈರಾಣು. ಕ್ಲೋರಿನ್ ಅದನ್ನು ಕೊಂದು ಲಸಿಕೆಯನ್ನು ವ್ಯರ್ಥ ಮಾಡುತ್ತದೆ. ಲಸಿಕೆಯ ಹಿಂದಿನ ದಿನ, ಆ ದಿನ ಮತ್ತು ಮರುದಿನ ಔಷಧಿ ಬೆರೆಸದ ನೀರನ್ನೇ ಕೊಡಿ. ಪಾತ್ರೆಯನ್ನೂ ಬರೀ ನೀರಿನಲ್ಲಿ ತೊಳೆಯಿರಿ.

ಮರಿಗಳು ಮತ್ತು ಬೇಸಿಗೆ

ಮರಿಗಳಿಗೆ ಆಳದ ಬಟ್ಟಲು ಇಡಬೇಡಿ. ಮುಳುಗಿ ಅಥವಾ ನೆನೆದು ಚಳಿಗೆ ಸಾಯುತ್ತವೆ. ತಟ್ಟೆಯಲ್ಲಿ ತೊಳೆದ ಬೆಣಚುಕಲ್ಲುಗಳನ್ನು ಹರಡಿದರೆ ಕೊಕ್ಕು ಇಳಿಸಲಷ್ಟೇ ಜಾಗವಿರುತ್ತದೆ. ಮರಿಗಳು ಬೆಳೆದಂತೆ ತಟ್ಟೆಯನ್ನೂ ಎತ್ತರಿಸುತ್ತ ಹೋಗಿ.

ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು ಮೈಯ ಶಾಖವನ್ನು ಹೊರಹಾಕುತ್ತದೆ, ಆಗ ನೀರು ಬಹಳ ನಷ್ಟವಾಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಒಂದು ಸಲ ತಂಪು ನೀರು ಬದಲಿಸುವುದು ಕೋಳಿಯ ಪ್ರಾಣ ಉಳಿಸುವ ಕೆಲಸ. ಹೊಲಕ್ಕೆ ಹೋಗುವ ದಿನ ಒಂದು ನೀರುಣಿ ಹೆಚ್ಚಿಗೆ ಇಟ್ಟು ಹೋಗಿ.

ಕೊನೆಯದಾಗಿ, ನೀರಿನ ಮಟ್ಟವನ್ನು ದಿನವೂ ಕಣ್ಣಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹವೆ ಬದಲಾಗದೆ ನೀರಿನ ಖರ್ಚು ಒಮ್ಮೆಲೇ ಇಳಿದರೆ ಅಥವಾ ಏರಿದರೆ ಹಿಂಡಿನಲ್ಲಿ ಏನೋ ರೋಗವಿದೆ ಎಂದು ಅನುಮಾನಿಸಿ. ಹಸಿರು ಅಥವಾ ರಕ್ತ ಬೆರೆತ ಹಿಕ್ಕೆ ಕಂಡರೆ ಆ ಕೋಳಿಯನ್ನು ಬೇರ್ಪಡಿಸಿ, ಅದಕ್ಕೆ ಬೇರೆ ಬಟ್ಟಲಿಟ್ಟು, ಹತ್ತಿರದ ಪಶುವೈದ್ಯರನ್ನು ಕೂಡಲೇ ಕಾಣಿ. ಒಂದು ಮಡಕೆ, ಒಂದು ತಟ್ಟೆ, ನಾಲ್ಕು ಇಟ್ಟಿಗೆ, ದಿನಕ್ಕೆ ಐದು ನಿಮಿಷ. ಹಿಂಡನ್ನು ಕಾಪಾಡಿಕೊಳ್ಳಲು ಇದಕ್ಕಿಂತ ಅಗ್ಗದ ಕ್ರಮ ಬೇರೊಂದಿಲ್ಲ.