ಹಾಯಿಹಡಗೂ ಸಿಡಿಲೂ

ನಾವು ಪಾಠಶಾಲೆಯಲ್ಲಿ ಅಮರಕೋಶವನ್ನು ಹೇಳಿಕೊಡುತ್ತಿದ್ದ ಕಾಲದಲ್ಲಿ ಒಂದು ದಿನ ಮಿಂಚಿನ ಹೆಸರುಗಳ ಪಾಠವು ಬಂದಿತು. ತಡಿತ್, ಸೌದಾಮನೀ, ಕ್ಷಣಪ್ರಭಾ, ಚಂಚಲಾ ಎಂದು ಹುಡುಗರು ರಾಗವಾಗಿ ಒಪ್ಪಿಸುತ್ತಿರಲು, ಕರಾವಳಿಯ ಕಡೆಯಿಂದ ಬಂದಿದ್ದ ಬಾಲಕನೊಬ್ಬನು ಎದ್ದು ನಿಂತು, “ಅಯ್ಯಾ, ಊರಿನಲ್ಲಾದರೆ ಸಿಡಿಲು ತೆಂಗಿನ ಮರಕ್ಕೆ ಹೊಡೆಯುತ್ತದೆ. ಕಡಲ ನಡುವೆ ಮರವಿಲ್ಲ, ಗೋಪುರವಿಲ್ಲ. ಅಲ್ಲಿ ನಮ್ಮ ತಂದೆಯ ದೋಣಿಯನ್ನು ಬಿಟ್ಟು ಅದಕ್ಕೆ ಬೇರೇನು ಸಿಕ್ಕೀತು?” ಎಂದು ಕೇಳಿದನು. ನಾವು ಶಬ್ದಗಳ ವ್ಯುತ್ಪತ್ತಿಯನ್ನು ಬಲ್ಲವರಾಗಿದ್ದೆವೇ ಹೊರತು ಈ ಪ್ರಶ್ನೆಗೆ ಉತ್ತರವನ್ನು ಅರಿತವರಾಗಿರಲಿಲ್ಲ. “ದೇವರು ಕಾಯುವನು, ಕುಳಿತುಕೋ” ಎಂದುಬಿಟ್ಟೆವು. ಬಾಲಕನು ಕುಳಿತನು; ಆದರೆ ಅವನ ಮುಖದಲ್ಲಿ ಸಮಾಧಾನವಿರಲಿಲ್ಲ. ವಿಶ್ರಾಂತಿಯ ಈ ದಿನಗಳಲ್ಲಿ ಓದಿ ತಿಳಿದುದನ್ನು, ಹಳೆಯ ಸಾಲವೊಂದನ್ನು ತೀರಿಸುವವರಂತೆ, ವಾಚಕರ ಮುಂದೆ ಇಡುತ್ತಿದ್ದೇವೆ.

ಬಾಲಕನ ಶಂಕೆ ಯಥಾರ್ಥವಾದುದೇ. ವಿಶಾಲವಾದ ನೀರಿನ ಮೇಲೆ ಹಾಯಿಯ ಕೂವೆಮರಕ್ಕಿಂತ ಎತ್ತರವಾದುದು ಮತ್ತೊಂದಿಲ್ಲ. ಮರವಾದರೋ ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುವ ವಸ್ತುವಲ್ಲ. ಸಿಡಿಲಿನ ದಾರಿಯಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯುಂಟಾಗುವುದು. ಆ ತಾಪದಿಂದ ಮರದೊಳಗಿನ ತೇವವು ಕ್ಷಣಮಾತ್ರದಲ್ಲಿ ಆವಿಯಾಗಿ, ಕೂವೆಮರವನ್ನು ಒಳಗಿನಿಂದಲೇ ಸೀಳಿಬಿಡುವುದು. ಕೂವೆ ಮುರಿದ ಹಾಯಿಹಡಗು ಕಾಲು ಮುರಿದ ಕುದುರೆಯಂತೆ. ಹಳೆಯ ಯುದ್ಧನೌಕೆಗಳಲ್ಲಿಯಾದರೆ ಕೆಳಗೆ ಮದ್ದಿನ ಉಗ್ರಾಣವೂ ಇರುತ್ತಿದ್ದುದರಿಂದ ಭಯವು ಇಮ್ಮಡಿಯಾಗಿತ್ತು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು 1752ರಲ್ಲಿ ಗಾಳಿಪಟದ ಪ್ರಯೋಗದಿಂದ ಮಿಂಚೂ ವಿದ್ಯುತ್ತೂ ಒಂದೇ ಎಂಬುದನ್ನು ತೋರಿಸಿದನು. ಸಿಡಿಲನ್ನು ತಡೆದು ನಿಲ್ಲಿಸುವುದು ಮನುಷ್ಯಸಾಧ್ಯವಲ್ಲ; ಅದಕ್ಕೆ ಸುಗಮವಾದ ಲೋಹದ ಮಾರ್ಗವೊಂದನ್ನು ಮಾಡಿಕೊಟ್ಟು, ಭೂಮಿಗೋ ನೀರಿಗೋ ಇಳಿಸಿಬಿಡುವುದೇ ಉಪಾಯ. ಇದನ್ನನುಸರಿಸಿ ನಾವಿಕರು ಕೂವೆಯ ತುದಿಯಿಂದ ಸಮುದ್ರಕ್ಕೆ ತಾಮ್ರದ ಸರಪಳಿಯನ್ನು ಇಳಿಬಿಡತೊಡಗಿದರು.

1770ರ ಅಕ್ಟೋಬರಿನಲ್ಲಿ ಕ್ಯಾಪ್ಟನ್ ಕುಕ್ಕನ ‘ಎಂಡೆವರ್’ ಹಡಗು ಜಾವಾ ದ್ವೀಪದ ಬಟೇವಿಯಾ ಬಂದರಿನಲ್ಲಿ, ಎಂದರೆ ಈಗಿನ ಜಕಾರ್ತದಲ್ಲಿ, ಲಂಗರು ಹಾಕಿತ್ತು. ಒಂದು ರಾತ್ರಿ ಗುಡುಗುಮಳೆಯು ಬಂದು, ಸಮೀಪದಲ್ಲಿದ್ದ ಡಚ್ಚರ ಹಡಗೊಂದರ ನಡುಗೂವೆಯನ್ನು ಸಿಡಿಲು ಮುರಿದು ಕೆಡವಿತು. ಎಂಡೆವರಿಗೂ ಅದೇ ಹೊತ್ತಿನಲ್ಲಿ ಹೊಡೆತ ತಗಲಿತು. ಆದರೆ ಹಡಗು ಉಳಿಯಿತು. ಸ್ವಲ್ಪವೇ ಮುಂಚೆ ಸರಪಳಿಯನ್ನು ಮೇಲಕ್ಕೇರಿಸಿದ್ದರಿಂದ ತಾವು ಪಾರಾದೆವೆಂದು ಕುಕ್ಕನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ‘ಸ್ವಲ್ಪವೇ ಮುಂಚೆ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಅರ್ಧ ಗಳಿಗೆ ಉದಾಸೀನವಾಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಆ ಸರಪಳಿಯ ದೋಷವೂ ಇದೇ ಆಗಿತ್ತು. ಅದನ್ನು ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಮಡಿಸಿಡುತ್ತಿದ್ದರು. ಮೋಡ ಕವಿದಾಗ ನಾವಿಕರಿಗೆ ಹಾಯಿಯನ್ನು ಇಳಿಸುವ ತ್ವರೆ. ಆಗ ಪೆಟ್ಟಿಗೆಯನ್ನು ನೆನೆಯುವವರಾರು? ನೆನೆದರೂ ಮಿಂಚಿನ ನಡುವೆ ಕೂವೆಯ ತುದಿಗೆ ಹತ್ತುವವರಾರು?

ಇಂಗ್ಲೆಂಡಿನ ಪ್ಲಿಮತ್ ಊರಿನ ವೈದ್ಯನಾದ ವಿಲಿಯಂ ಸ್ನೋ ಹ್ಯಾರಿಸನು 1820ರಲ್ಲಿ ಇದಕ್ಕೆ ಪರಿಹಾರವನ್ನು ಸೂಚಿಸಿದನು. ಕೂವೆಮರದ ಉದ್ದಕ್ಕೂ ತೋಡು ತೆಗೆದು, ತಾಮ್ರದ ತಗಡುಗಳನ್ನು ಒಂದರ ಮೇಲೊಂದು ಹೊಂದುವಂತೆ ಕೂರಿಸಿ, ಅಲ್ಲಿಂದ ಹಡಗಿನ ಅಡಿಯ ತಾಮ್ರದ ಹೊದಿಕೆಯವರೆಗೆ ಅಖಂಡವಾದ ಮಾರ್ಗವನ್ನು ಕಲ್ಪಿಸಬೇಕೆಂಬುದು ಅವನ ಯೋಜನೆ. ಅದನ್ನು ಏರಿಸಬೇಕಾಗಿಲ್ಲ, ಇಳಿಸಬೇಕಾಗಿಲ್ಲ. ಹಗಲಿರುಳೂ ಅದು ತನ್ನ ಸ್ಥಾನದಲ್ಲಿಯೇ ಇರುವುದು. ಲೋಹವು ಸಿಡಿಲನ್ನು ಕರೆದು ತರುವುದೆಂದು ಅನೇಕರು ಆಕ್ಷೇಪಿಸಿದರು. ಎತ್ತರದ ಕೂವೆಯ ಮೇಲೆ ಸಿಡಿಲು ಹೇಗೂ ಬೀಳುವುದು, ತಾಮ್ರವು ಅದನ್ನು ಕರೆಯುವುದಿಲ್ಲ, ಬಂದುದನ್ನು ಸಾಗಹಾಕುವುದು ಎಂಬುದು ಅವನ ಸಮಾಧಾನ.

1831ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಾರ್ವಿನ್ನನನ್ನು ಹೊತ್ತು ಹೊರಟ ‘ಬೀಗಲ್’ ಹಡಗಿಗೆ ಈ ವಾಹಕಗಳನ್ನು ಜೋಡಿಸಲಾಗಿತ್ತು. 1836ರಲ್ಲಿ ಅದು ಹಿಂದಿರುಗಿತು. ಆ ಯಾನದಲ್ಲಿ ಎರಡು ಬಾರಿಯಾದರೂ ಸಿಡಿಲು ತಗಲಿರಬೇಕೆಂದೂ, ಆದರೂ ಹಡಗಿಗೆ ಕಿಂಚಿತ್ತೂ ಹಾನಿಯಾಗಲಿಲ್ಲವೆಂದೂ ಅದರ ನಾಯಕನಾದ ಫಿಟ್ಜ್‌ರಾಯ್ ಬರೆದನು. ಆದರೂ ಬ್ರಿಟಿಷ್ ನೌಕಾಪಡೆಯು ಈ ವಿಧಾನವನ್ನು ಪೂರ್ಣವಾಗಿ ಅಂಗೀಕರಿಸಿದುದು 1840ರ ದಶಕದಲ್ಲಿ. 1847ರಲ್ಲಿ ಹ್ಯಾರಿಸನಿಗೆ ‘ಸರ್’ ಪದವಿಯು ದೊರೆಯಿತು. ಸೂಚನೆಗೂ ಅಂಗೀಕಾರಕ್ಕೂ ನಡುವೆ ಇಪ್ಪತ್ತು ವರ್ಷಗಳು! ಅಷ್ಟರಲ್ಲಿ ಮುರಿದ ಕೂವೆಗಳನ್ನೂ ಮಡಿದ ನಾವಿಕರನ್ನೂ ಎಣಿಸಿದರೆ ಮನಸ್ಸು ಮರುಗುವುದು.

ಇಂದಿನ ವಿನೋದದ ಹಾಯಿದೋಣಿಗಳಿಗೂ ಇದೇ ತತ್ತ್ವವು ಸಲ್ಲುವುದು. ಅಲ್ಯುಮಿನಿಯಂ ಕೂವೆಯು ತಾನೇ ವಾಹಕ. ಅದರ ಬುಡದಿಂದ ದಪ್ಪ ತಾಮ್ರದ ತಂತಿಯನ್ನು, ತೀಕ್ಷ್ಣವಾದ ತಿರುವುಗಳಿಲ್ಲದೆ, ನೀರಿನೊಳಗಿರುವ ಲೋಹದ ಫಲಕಕ್ಕೆ ಒಯ್ಯಬೇಕು. ಉಪ್ಪುನೀರಿನಲ್ಲಿ ಒಂದು ಚದರ ಅಡಿಯ ಫಲಕವಾದರೂ ಬೇಕು. ಸಿಹಿನೀರು ವಿದ್ಯುತ್ತನ್ನು ಅಷ್ಟು ಚೆನ್ನಾಗಿ ಒಯ್ಯದು. ಆದುದರಿಂದ ಕೆರೆ, ಸರೋವರಗಳಲ್ಲಿ ಅಪಾಯವು ಹೆಚ್ಚು. ದೋಣಿಯ ತಂತಿಹಗ್ಗಗಳನ್ನೂ ಯಂತ್ರವನ್ನೂ ಈ ಮಾರ್ಗಕ್ಕೆ ಕೂಡಿಸದಿದ್ದರೆ ಸಿಡಿಲು ಪಕ್ಕಕ್ಕೆ ಜಿಗಿಯುವ ಸಂಭವವುಂಟು. ದೋಣಿಯಲ್ಲಿರುವವರು ಕೂವೆಯನ್ನೂ ಬೇರೆ ಲೋಹವನ್ನೂ ಮುಟ್ಟದೆ, ಒಳಗೆ ಕುಳಿತಿರಬೇಕು. ಇಷ್ಟಾದರೂ ಪೂರ್ಣರಕ್ಷಣೆಯೆಂಬುದಿಲ್ಲ, ಗುಡುಗಿನ ಸೂಚನೆಯಿರುವಾಗ ದಡದಲ್ಲಿ ಉಳಿಯುವುದೇ ಉತ್ತಮ.

ನಮ್ಮ ನಾಡಿನಲ್ಲಿ ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳುಗಳಲ್ಲಿಯೂ, ಮಳೆಗಾಲದ ಕೊನೆಗೆ ಅಕ್ಟೋಬರಿನಲ್ಲಿಯೂ ಗುಡುಗು ಹೆಚ್ಚು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ, ಅದು ಎಷ್ಟು ಕಿಲೋಮೀಟರು ದೂರದಲ್ಲಿದೆಯೆಂಬುದು ತಿಳಿಯುವುದು. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವ ತನಕ ನೀರಿಗಾಗಲಿ ಬಯಲಿಗಾಗಲಿ ಹೋಗಬಾರದು. ಮನೆಯ ಮಕ್ಕಳಿಗೂ ಇದನ್ನು ಕಲಿಸಿಡುವುದು ಲೇಸು.

ಮಿಂಚನ್ನು ಕ್ಷಣಪ್ರಭೆಯೆಂದು ಕರೆದ ಪೂರ್ವಿಕರು ಉಚಿತವಾಗಿಯೇ ಕರೆದರು. ಒಂದು ಕ್ಷಣದಲ್ಲಿ ಬಂದು ಹೋಗುವ ವಿಪತ್ತಿಗೆ ಆ ಕ್ಷಣದಲ್ಲಿ ಹುಡುಕುವ ಉಪಾಯವು ಉಪಾಯವಲ್ಲ. ರಕ್ಷಣೆಯು ಪೆಟ್ಟಿಗೆಯಲ್ಲಿರದೆ ಕೂವೆಯಲ್ಲಿಯೇ ಬೆಸೆದಿರಬೇಕು. ಆ ಬಾಲಕನು ಈಗ ಮಕ್ಕಳ ತಂದೆಯಾಗಿರಬಹುದು. ಈ ಪುಟವು ಅವನ ಕೈ ಸೇರಿದರೆ, ತಡವಾಗಿ ಬಂದ ಉತ್ತರಕ್ಕಾಗಿ ಗುರುವನ್ನು ಅವನು ಕ್ಷಮಿಸಲಿ.