ಕರೆಂಟ್ ಟ್ರ್ಯಾಕ್ಟರಿಗೆ ದುಡ್ಡು ಕಳಿಸೋ ಮುಂಚೆ

"ಅಣ್ಣಾ, ಡೀಸೆಲ್ ಹಾಕಿ ಹಾಕಿ ಸಾಕಾಯ್ತು. ಕರೆಂಟ್ ಟ್ರ್ಯಾಕ್ಟರ್ ಬಂದಿದೆಯಂತೆ, ತಗೊಳ್ಳೋಣವಾ?" ಊರಿಂದ ಇಂಥ ಫೋನ್ ಬಂದಾಗ ಹೂಂ ಅನ್ನೋದೂ ಸುಲಭ, ಬೇಡ ಅನ್ನೋದೂ ಸುಲಭ. ಆದರೆ ಹೋಗೋದು ನಾವು ಇಲ್ಲಿ ಓವರ್‌ಟೈಮ್ ಮಾಡಿ ಕೂಡಿಟ್ಟ ದುಡ್ಡು. ಹಾಗಾಗಿ ಮೊದಲು ಲೆಕ್ಕ ಹಾಕೋಣ.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್‌ನಷ್ಟು ಶಕ್ತಿ ಇದೆ. ಎಂಜಿನ್ ಅದರಲ್ಲಿ ಕೆಲಸಕ್ಕೆ ಕೊಡೋದು ಹೆಚ್ಚುಕಡಿಮೆ 3 ಯೂನಿಟ್, ಉಳಿದದ್ದು ಬಿಸಿಯಾಗಿ ಹೋಗುತ್ತೆ. ಅಷ್ಟೇ ಕೆಲಸವನ್ನು ಮೋಟಾರಿನಿಂದ ತೆಗೆಯಲು, ಚಾರ್ಜಿಂಗ್ ನಷ್ಟ ಸೇರಿಸಿದರೂ, 4 ಯೂನಿಟ್ ಸಾಕು. ಡೀಸೆಲ್ 90 ರೂಪಾಯಿ, ಯೂನಿಟ್ 7 ರೂಪಾಯಿ ಅಂತ ಹಿಡಿದರೆ 90ರ ಕೆಲಸ 28ಕ್ಕೆ ಮುಗಿಯಿತು. ಲೀಟರಿಗೆ 62 ರೂಪಾಯಿ ಉಳಿತಾಯ. ಎಂಜಿನ್ ಆಯಿಲ್ ಖರ್ಚೂ ಇಲ್ಲ.

ಆದರೆ ಈ ಉಳಿತಾಯ ಗಾಡಿ ಓಡಿದರೆ ಮಾತ್ರ. ನಾಲ್ಕು ಎಕರೆಯವರು ಸಣ್ಣ ಟ್ರ್ಯಾಕ್ಟರನ್ನು ವರ್ಷಕ್ಕೆ 60 ಗಂಟೆ ಓಡಿಸಿದರು, ಗಂಟೆಗೆ 3 ಲೀಟರ್ ಕುಡಿಯಿತು ಅಂದುಕೊಳ್ಳಿ. ಉಳಿಯೋದು 11,160 ರೂಪಾಯಿ. ಕರೆಂಟ್ ಗಾಡಿಗೆ 2 ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು ಸುಮಾರು 18 ವರ್ಷ. ಬ್ಯಾಟರಿ ಅಷ್ಟು ಕಾಲ ಬಾಳೋದು ಕಷ್ಟ. ಬಾಡಿಗೆಗೆ ಬಿಟ್ಟು ವರ್ಷಕ್ಕೆ 500 ಗಂಟೆ ಓಡಿಸಿದರೆ 93,000 ಉಳಿಯುತ್ತೆ, ಎರಡು ವರ್ಷ ಚಿಲ್ಲರೆಯಲ್ಲಿ ಅಸಲು ಬಂತು.

ಸಿಕ್ಕು ಇರೋದು ಇಲ್ಲೇ. ಸೋನಾಲಿಕಾ ಕಂಪನಿ 2020ರ ಡಿಸೆಂಬರ್‌ನಲ್ಲಿ ತಂದ ಟೈಗರ್ ಎಲೆಕ್ಟ್ರಿಕ್‌ನ ಬ್ಯಾಟರಿ 25.5 ಯೂನಿಟ್‌ನದ್ದು, ಮನೆಯ ಪ್ಲಗ್ಗಿನಲ್ಲಿ ತುಂಬಲು 10 ಗಂಟೆ ಬೇಕೆಂದು ಕಂಪನಿಯೇ ಹೇಳಿತ್ತು. ಹಗುರ ಕೆಲಸಕ್ಕೆ ಇದು ದಿನಪೂರ್ತಿ ಬಂದೀತು. ರೋಟವೇಟರ್ ಹಾಕಿ ಗಂಟೆಗೆ 10 ಯೂನಿಟ್ ಎಳೆದರೆ ಎರಡೂವರೆ ಗಂಟೆಗೆ ಖಾಲಿ. ಮಳೆ ಬಿದ್ದ ಮೇಲೆ ಹದ ಇರೋದೇ ಮೂರ್ನಾಲ್ಕು ದಿನ. ಆಗ ಇಡೀ ಊರಿಗೆ ಒಟ್ಟಿಗೇ ಗಾಡಿ ಬೇಕು. ಡೀಸೆಲ್ ಆದರೆ ಕ್ಯಾನ್ ತಂದು ಸುರಿದು ಹೊರಟರೆ ಆಯಿತು. ಅಂದರೆ, ಹೆಚ್ಚು ಉಳಿತಾಯ ಆಗಬೇಕಾದ ಬಾಡಿಗೆಯವನಿಗೆ ಕಾಯಲು ಪುರುಸೊತ್ತಿಲ್ಲ. ಕಾಯಬಲ್ಲ ಸಣ್ಣ ರೈತನಿಗೆ ಉಳಿತಾಯವೇ ಇಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಯ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈ ಬ್ಯಾಟರಿಯನ್ನು ಎಂಟು ಸಲ ತುಂಬಿದರೆ ಅದೇ 200 ಯೂನಿಟ್! ಪಂಪ್‌ಸೆಟ್‌ನ ಉಚಿತ ಕರೆಂಟು ನೀರೆತ್ತಲು ಕೊಟ್ಟದ್ದು. ಅದನ್ನು ಈ ಲೆಕ್ಕಕ್ಕೆ ತರಬೇಡಿ.

ಹಾಗಾದರೆ ಕರೆಂಟು ಹೊಲಕ್ಕೆ ಬೇಡವೇ? ಬೇಕು, ಸರಿಯಾದ ಕಡೆ ಬೇಕು. ನಿಂತಲ್ಲೇ ನಿಂತು ಕೆಲಸ ಮಾಡೋ ಯಂತ್ರಗಳಿಗೆ ಬ್ಯಾಟರಿಯೇ ಬೇಡ, ವೈರ್ ಸಾಕು. ಪಂಪು, ಮೇವು ಕತ್ತರಿಸೋ ಯಂತ್ರ, ಹಾಲು ಕರೆಯೋ ಯಂತ್ರ ಎಲ್ಲಾ ಇದೇ ಸಾಲಿಗೆ ಸೇರಿದವು. ಹೊಸ ಪಂಪ್ ಹಾಕೋದಾದರೆ 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯ ಸೋಲಾರ್ ಸಬ್ಸಿಡಿ ವಿಚಾರಿಸಿ. ಬೆನ್ನಿಗೆ ಹಾಕೋ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಸಾಮಾನ್ಯವಾಗಿರೋ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿಗೆ ಬೇಕಾಗೋದು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗದಷ್ಟು. ಚಾರ್ಜಿಗೆ ಹೆಚ್ಚೆಂದರೆ ಒಂದು ರೂಪಾಯಿ. ವರ್ಷವಿಡೀ ದಿನಕ್ಕೆ ಸ್ವಲ್ಪ ಸ್ವಲ್ಪ ಕೆಲಸ ಇರೋ ತೋಟದವರಿಗೆ ಸಣ್ಣ ಕರೆಂಟ್ ಟ್ರ್ಯಾಕ್ಟರೂ ಹೊಂದಬಹುದು. ವರ್ಷಕ್ಕೆರಡು ಸಲದ ಉಳುಮೆಗೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆ ಗಾಡಿ ಕೇಳಿ.

ಊರಿಂದ ಫೋನ್ ಬಂದರೆ ಇಷ್ಟು ಕೇಳಿ: ಹೋದ ವರ್ಷ ಡೀಸೆಲ್ ಎಷ್ಟು ಲೀಟರ್ ಹೋಯಿತು? ಒಂದೇ ದಿನ ಅತಿ ಹೆಚ್ಚೆಂದರೆ ಎಷ್ಟು ಗಂಟೆ ಓಡಿತು? ರಿಪೇರಿಯವರು ಎಷ್ಟು ದೂರ? ಬ್ಯಾಟರಿ ವಾರಂಟಿ ಎಷ್ಟು ವರ್ಷ, ಬರವಣಿಗೆಯಲ್ಲಿ ಕೊಡ್ತಾರಾ? ಹೊಸ ಬ್ಯಾಟರಿಗೆ ಎಷ್ಟು? ಐದಕ್ಕೂ ಉತ್ತರ ಬಂದ ಮೇಲೆ ಲೀಟರಿಗೆ 62ರಂತೆ ಗುಣಿಸಿ ನೋಡಿ. ಐದಾರು ವರ್ಷದಲ್ಲಿ ಹೆಚ್ಚುವರಿ ಬೆಲೆ ಹುಟ್ಟಿದರೆ ಧೈರ್ಯವಾಗಿ ಕಳಿಸಿ. ಇಲ್ಲದಿದ್ದರೆ ಈ ಸಲಕ್ಕೆ ಸ್ಪ್ರೇಯರ್ ಕೊಡಿಸಿ, ಉಳಿದದ್ದು ಬ್ಯಾಂಕಿನಲ್ಲಿರಲಿ.